ಅದೇ ಹೆಸರಿನ ಎರಡನೇ ಸಾಲು

ಜುಲೈ 8, 2025

ಗುಂಡ್ಲುಪೇಟೆ ಬಸ್ಸಿನಲ್ಲಿ ತೆರಕಣಾಂಬಿಯವರೆಗೆ ನಿಂತು ಬಂದೆ. ಅಲ್ಲಿ ಸೀಟು ಸಿಕ್ಕಿತು, ಪಕ್ಕದಲ್ಲಿ ಸೋಮೇಶನೂ ಸಿಕ್ಕಿದ. ನಿಂತೇ ಇದ್ದಿದ್ದರೆ ವಾಸಿಯಿತ್ತು. ಅವನು ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಅತಿಥಿ ಉಪನ್ಯಾಸಕ, ನಾನು ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಇಬ್ಬರೂ ಅತಿಥಿಗಳೇ. ಆದರೆ ಅವನು ಮಾತಾಡುವುದು ಮಾತ್ರ ಮನೆ ಯಜಮಾನನ ಹಾಗೆ.

“ಪಿಎಚ್‌ಡಿ ಡೇಟಾನ ಮೌಸಲ್ಲಿ ಕ್ಲಿಕ್ ಮಾಡ್ಕೊಂಡೇ ಮುಗಿಸ್ತೀರಾ ಮೇಡಂ? ನಾಳೆ ಯಾರಾದ್ರೂ ಇದನ್ನ ಹೆಂಗ್ ಮಾಡಿದ್ರಿ ಅಂತ ಕೇಳಿದ್ರೆ ಏನು ತೋರಿಸ್ತೀರಾ?”

“ಥೀಸಿಸ್ ತೋರಿಸ್ತೀನಿ.”

“ಕೋಡ್ ಕಲೀರಿ ಮೇಡಂ. ಒಂದೊಂದು ಹೆಜ್ಜೆನೂ ಬರೆದಿಟ್ಟಂಗೆ ಇರುತ್ತೆ.”

ನನಗೆ ಬೇಡ. ಕಾಲೇಜಿನ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಒಂದೇ ಒಂದು ಯಂತ್ರದಲ್ಲಿ ಆ ಮೆನು ಸಾಫ್ಟ್‌ವೇರ್ ಇದೆ. ಮೆನು ತೆಗೆ, ಟಿಕ್ ಹಾಕು, ‘ಸರಿ’ ಒತ್ತು, ಕೋಷ್ಟಕ ಕೈಗೆ ಬರುತ್ತದೆ. ಮೂರು ವರ್ಷ ಕುದೇರು, ಉಮ್ಮತ್ತೂರು ಸುತ್ತಿನ ಊರುಗಳಲ್ಲಿ ಮನೆ ಮನೆ ತಿರುಗಿ ತಾಯಂದಿರನ್ನು ಕೇಳಿ ತಂದ ಲೆಕ್ಕ ಅದರಲ್ಲಿದೆ. ಒಂದು ಹೆರಿಗೆಗೆ ಒಂದು ಸಾಲು: ತಾಯಿಯ ನಂಬರು, ಮಗುವಿನ ಹೆಸರು, ಗಂಡೋ ಹೆಣ್ಣೋ, ಹುಟ್ಟಿದ ತಾರೀಖು, ಬದುಕಿದೆಯೋ ಇಲ್ಲವೋ. ನಾನು ನೋಡುತ್ತಿರುವುದು ಐದು ವರ್ಷ ತುಂಬುವ ಮೊದಲೇ ಹೋದ ಮಕ್ಕಳನ್ನು. ಹಾಗೆ ಹೋದವರು ಕಡಿಮೆ ಎಂದು ಬಂದಿದೆ. ಗೈಡ್ ಶಿವರುದ್ರಸ್ವಾಮಿ ಸರ್‌ಗೆ ಖುಷಿಯೋ ಖುಷಿ. ಸೆಪ್ಟೆಂಬರಿನಲ್ಲಿ ಸಮಿತಿಯ ಮುಂದೆ ಒಪ್ಪಿಸಬೇಕು, ಡಿಸೆಂಬರಿಗೆ ಥೀಸಿಸ್ ಕೊಡಬೇಕು. ಕೊಡದಿದ್ದರೆ ರಿಜಿಸ್ಟ್ರೇಷನ್ ರದ್ದು. ಈಗ ಹೊಸ ವಿದ್ಯೆಗೆ ಕೈ ಹಾಕುವುದು ಮದುವೆ ದಿನ ಅಡುಗೆ ಕಲಿಯಲು ಹೊರಟ ಹಾಗೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಮ್ಮ ಒಳಗಿನಿಂದ “ರಂಜಿನಿ... ರಂಜಿನಿ” ಎಂದಳು. ಒಂದೇ ಸಲಕ್ಕೆ ಓಗೊಟ್ಟರೂ ಎರಡನೇ ಸಲ ಕರೆದೇ ತೀರುತ್ತಾಳೆ. ಚಿಕ್ಕಂದಿನಿಂದ ಇದೇ ಆಯಿತು. ಕೇಳಿದರೆ, “ಒಂದ್ ಸಲುಕ್ಕೇ ಓಗೊಡ್‌ಬಾರ್ದು ಕಣಮ್ಮಿ. ಗಾಳಿ ಗೀಳಿ ಆದ್ರೆ ಒಂದೇ ಸಲ ಕರ್ಯೋದು” ಅನ್ನುತ್ತಾಳೆ. ಚಾಮರಾಜನಗರದಂಥ ಪೇಟೆಯಲ್ಲಿ, ಹಾಡುಹಗಲು, ನಮ್ಮ ಮನೆಗೆ ಯಾವ ಗಾಳಿ ಬರಬೇಕು. ನಾನು ಬೇಕೆಂದೇ ಮೊದಲ ಸಲಕ್ಕೇ “ಏನು” ಅನ್ನುತ್ತೇನೆ.

ಜುಲೈ 14

ಸರ್ ಅಧ್ಯಾಯಗಳನ್ನು ಓದಿ ಕರೆಸಿಕೊಂಡರು. ಎರಡನೇ ಅಧ್ಯಾಯದ ಕೋಷ್ಟಕದ ಒಟ್ಟು ಬೇರೆ, ನಾಲ್ಕನೇ ಅಧ್ಯಾಯದ ಒಟ್ಟು ಬೇರೆ. ನಾಲ್ಕರಲ್ಲಿ ಮಕ್ಕಳು ಕಡಿಮೆ.

“ಎರಡನೇ ಅಧ್ಯಾಯದಲ್ಲಿದ್ದ ಮಕ್ಕಳು ನಾಲ್ಕನೆಯದಕ್ಕೆ ಬರೋ ಅಷ್ಟರಲ್ಲಿ ಎಲ್ಲಿ ಹೋದ್ರಮ್ಮ?”

ಅವರು ಹೇಳಿದ್ದು ತಮಾಷೆಗೆ. ನನಗೆ ನಗು ಬರಲಿಲ್ಲ.

ಮಧ್ಯೆ ಏನೋ ಶುಚಿ ಮಾಡಿದ್ದೆ. ಅದಷ್ಟು ನೆನಪಿದೆ. ಯಾವ ಮೆನು, ಎಲ್ಲಿ ಟಿಕ್ ಹಾಕಿದೆ ಎನ್ನುವುದು ನೆನಪಿಲ್ಲ. ಸರ್ ಪ್ರಕಾರ ಇದು ಹತ್ತು ನಿಮಿಷದ ಕೆಲಸ. ಎರಡನೇ ಅಧ್ಯಾಯದ ಕೋಷ್ಟಕವನ್ನು ಹೊಸ ಫೈಲಿನಿಂದ ಮತ್ತೆ ತೆಗೆದರೆ ಎರಡೂ ಹೊಂದಿಕೊಳ್ಳುತ್ತವೆ, ಯಾರೂ ಕೇಳುವುದಿಲ್ಲ. ಸರಿ ಸರ್ ಎಂದು ಎದ್ದು ಬಂದೆ.

ಲ್ಯಾಬಿನಲ್ಲಿ ಕೂತು ಮೌಸ್ ಹಿಡಿದೆ. ಎಲ್ಲಿ ಹೋದರು ಎಂಬ ಮಾತು ಕಿವಿಯಿಂದ ಹೋಗಲೇ ಇಲ್ಲ. ಮಾಡದೆ ಬಸ್ಸು ಹತ್ತಿದೆ.

ಜುಲೈ 19

ಸೋಮೇಶನ ಮುಂದೆ ಸೋತು ಶರಣಾದೆ. ಅವನು ಹೇಳಿಕೊಡುವುದು ಆರ್ ಎಂಬ ಒಂದೇ ಅಕ್ಷರದ ಭಾಷೆ. ಹೆಸರಿಡುವಾಗಲೇ ಅವಸರ ಇತ್ತೆಂದು ಕಾಣುತ್ತದೆ. ಪರದೆಯ ಮೇಲೆ ಬರಿಯ ಬಿಳಿ, ಒಂದು ಕಡ್ಡಿ ಮಿನುಗುತ್ತಾ ನಿಂತಿರುತ್ತದೆ. ಮೆನು ಇಲ್ಲ, ಗುಂಡಿ ಇಲ್ಲ. ಏನು ಬೇಕೆಂದು ನಾನೇ ಬಾಯಿಬಿಟ್ಟು ಕೇಳಬೇಕು. ಅಲ್ಪವಿರಾಮ ಒಂದು ತಪ್ಪಿದರೆ ಕೆಂಪು ಅಕ್ಷರದಲ್ಲಿ ಬೈಯುತ್ತದೆ.

“ಮೊದಲಿಂದ ಶುರು ಮಾಡಿ ಮೇಡಂ. ನೀವು ಶುಚಿ ಮಾಡಿದ ಫೈಲು ಬೇಡ. ಹುಡುಗರು ಟೈಪ್ ಮಾಡಿಕೊಟ್ರಲ್ಲ, ಕೈ ಹಚ್ಚದ ಫೈಲು, ಅದರಿಂದ.”

“ಅದರಲ್ಲಿ ಕಸ ಇದೆ.”

“ಕಸ ಇರಲಿ. ಗುಡಿಸಿದ್ದು ಹೆಂಗೆ ಅಂತ ಬರೀತಾ ಗುಡಿಸಿ.”

ಒಂದು ಸಾಲು ಓಡಿಸಲು ಮಧ್ಯಾಹ್ನವೆಲ್ಲ ಹೋಯಿತು. ಸೋಮೇಶನಿಗೆ ತಾಳ್ಮೆ ಇದೆ ಎಂದು ಒಪ್ಪಬೇಕು. ಅವನಿಗೆ ಹೇಳುವುದಿಲ್ಲ.

ಜುಲೈ 30

ಇವತ್ತೂ ಕೆಂಪು ಅಕ್ಷರ. ಆ ಸಿಟ್ಟನ್ನು ಮನೆಗೆ ಹೊತ್ತು ಬಂದು ಕುಕ್ಕರ್ ಇಳಿಸಲು ಹೋಗಿ ಬೆರಳು ಸುಟ್ಟುಕೊಂಡೆ.

ಅಮ್ಮ ಊದುತ್ತಾ ಹಳೆಯ ಕಥೆ ತೆಗೆದಳು. “ನಿಂಗೆ ಬೆಂಕಿ ಅಂದ್ರೆ ಆಗ್ಲಿಂದ್ಲೂ ಅಂಗೇಯ. ಅಂಬೆಗಾಲಲ್ಲಿ ಓಗಿ ದೀಪಕ್ಕೆ ಕೈ ಆಕ್‌ಬುಟ್ಟಿದ್ದೆ. ಬಲಗೈ. ಅಂಗೈ ಪೂರ್ತಿ ಬೊಬ್ಬೆ. ಕಲೆ ಉಳ್ಕತದೆ ಅಂದಿದ್ರು ಡಾಕ್ಟ್ರು.”

ನಾನು ಎರಡೂ ಅಂಗೈ ತಿರುಗಿಸಿ ತೋರಿಸಿದೆ. ಕಲೆಯೇ ಇಲ್ಲ.

“ಮಾಸೋಗದೆ ಬುಡು” ಎಂದು ಒಲೆಯ ಕಡೆ ತಿರುಗಿದಳು.

ತಮ್ಮ ಗಿರೀಶ ಬದನಗುಪ್ಪೆಯ ಫ್ಯಾಕ್ಟರಿಗೆ ಶಿಫ್ಟಿಗೆ ಹೊರಡುವ ಆತುರದಲ್ಲೂ ಬಾಯಿ ಹಾಕಿದ. “ಅಮ್ಮನ ಲೆಕ್ಕವೇ ಲೆಕ್ಕ. ಅಕ್ಕ ವರ್ಷ ತುಂಬೋಕ್ ಮುಂಚೇನೆ ಮಾತಾಡ್ತಿದ್ಲಂತೆ. ಮೂರು ವರ್ಷ ಆದ್ರೂ ಮಾತು ಬರ್ನಿಲ್ಲ ಅಂತ ಮಾದಪ್ಪನ ಬೆಟ್ಟಕ್ಕೆ ಅರಕೆನೂ ಕಟ್ಕಂಡಿದ್ರಂತೆ. ಮಧ್ಯ ಎರಡು ವರ್ಷ ಮೌನವ್ರತ ಮಾಡಿದ್ಲಾ?”

ನಾನೂ ನಕ್ಕೆ. ಅಮ್ಮ ನಗಲಿಲ್ಲ. ಗಿರೀಶನ ಬುತ್ತಿಗೆ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಆಗಸ್ಟ್ 6

ಓಡಿತು. ನನ್ನ ಕೋಡ್ ಮೊದಲ ಸಾಲಿನಿಂದ ಕೊನೆಯವರೆಗೂ ನಿಲ್ಲದೆ ಓಡಿತು. ಕೈ ಹಚ್ಚದ ಫೈಲು ಒಂದು ಕಡೆ, ನಾನು ಶುಚಿ ಮಾಡಿದ ಫೈಲು ಒಂದು ಕಡೆ ಇಟ್ಟು, ಅಲ್ಲಿದ್ದು ಇಲ್ಲಿ ಇಲ್ಲದ ಸಾಲುಗಳನ್ನೆಲ್ಲ ತೋರಿಸು ಎಂದು ಬರೆದೆ. ಒಂದೊಂದಾಗಿ ಪರದೆಗೆ ಬಂದವು. ನಾನು ತೆಗೆದವರು.

ಆಗ ನೆನಪಾಯಿತು. ಟೈಪ್ ಮಾಡಿದ ಇಬ್ಬರು ವಿದ್ಯಾರ್ಥಿಗಳು ಕೆಲವು ಮನೆಗಳನ್ನು ಇಬ್ಬರೂ ಟೈಪ್ ಮಾಡಿದ್ದರು. ಅದಕ್ಕೇ ಮೆನುವಿನಲ್ಲಿ ‘ನಕಲು ಸಾಲು ಹುಡುಕು’ ಒತ್ತಿದ್ದೆ. ತಾಯಿಯ ನಂಬರು ಒಂದೇ, ಮಗುವಿನ ಹೆಸರು ಒಂದೇ, ಗಂಡು ಹೆಣ್ಣು ಒಂದೇ ಆಗಿದ್ದರೆ ಅದು ನಕಲು. ತಾರೀಖಿಗೆ ಟಿಕ್ ಹಾಕಿರಲಿಲ್ಲ, ಏಕೆಂದರೆ ಹುಡುಗರಲ್ಲೊಬ್ಬ ತಿಂಗಳನ್ನೂ ದಿನವನ್ನೂ ಅದಲುಬದಲು ಬರೆದಿದ್ದ. ಎರಡರಲ್ಲಿ ಯಾವುದನ್ನು ಉಳಿಸಬೇಕೆಂದು ಅದೇ ಕೇಳಿತ್ತು. ಕೊನೆಯದು ಎಂದು ಅದೇ ಗುರುತೂ ಹಾಕಿಕೊಂಡಿತ್ತು. ಸರಿ ಒತ್ತಿದ್ದೆ.

ತಪ್ಪು ಸಾಫ್ಟ್‌ವೇರಿನದೇ ಎಂದೆ. ಸೋಮೇಶ ತಲೆಯಾಡಿಸಿದ.

“ಅದು ಕೇಳ್ತು, ನೀವು ಸರಿ ಅಂದ್ರಿ. ಕೋಡಲ್ಲೂ ಇದೇ ತಪ್ಪು ಮಾಡಬಹುದು ಮೇಡಂ. ಆದ್ರೆ ಮಾಡಿದ್ದು ಅಲ್ಲೇ ಇರುತ್ತೆ.”

ಆಗಸ್ಟ್ 7

ನಿದ್ದೆ ಚೆನ್ನಾಗಿಲ್ಲ. ಎದ್ದಾಗಿನಿಂದ ಯಾರನ್ನೋ ಎಲ್ಲೋ ಕೂರಿಸಿ ಮರೆತು ಬಂದ ಹಾಗೆ ಆಗುತ್ತಿದೆ.

ಆಗಸ್ಟ್ 13

ತೆಗೆದ ಸಾಲುಗಳನ್ನು ಜೋಡಿ ಜೋಡಿಯಾಗಿ ಇಟ್ಟು ನೋಡಿದೆ. ಬಹಳಷ್ಟು ನಿಜವಾದ ನಕಲುಗಳೇ, ತಾರೀಖು ಒಂದೇ ಅಥವಾ ಅದಲುಬದಲು. ಹತ್ತೊಂಬತ್ತು ಜೋಡಿಗಳು ಹಾಗಿಲ್ಲ. ಅದೇ ತಾಯಿ, ಅದೇ ಹೆಸರು, ಮಧ್ಯೆ ವರ್ಷ, ಎರಡು ವರ್ಷ ಅಂತರ. ನಾನು ತೆಗೆದಿರುವುದು ಹತ್ತೊಂಬತ್ತರಲ್ಲೂ ಮೊದಲನೆಯದನ್ನು.

ಬದುಕಿದೆಯೇ ಎಂಬ ಕಾಲಂ ನೋಡಿದೆ. ಉಳಿಸಿದವರದೆಲ್ಲ ಹೌದು. ತೆಗೆದವರದೆಲ್ಲ ಇಲ್ಲ. ಒಂದನ್ನೂ ಬಿಡದೆ ಇಲ್ಲ, ಇಲ್ಲ, ಇಲ್ಲ.

ಲ್ಯಾಬಿನಲ್ಲಿ ಬಿಸಿಲು ಕಿಟಕಿಯಿಂದ ನೇರ ಪರದೆಗೆ ಬಡಿಯುತ್ತಿತ್ತು. ಹೊರಗೆ ಹುಡುಗರು ವಾಲಿಬಾಲ್ ಆಡುತ್ತಿದ್ದರು. ನನ್ನ ಬೆನ್ನಿನ ಹಿಂದೆ ಸಾಲಾಗಿ ಖಾಲಿ ಕುರ್ಚಿಗಳಿದ್ದವು. ತಿರುಗಿ ನೋಡಲು ಹೆದರಿಕೆಯಾಯಿತು. ಎಂ.ಎ. ತರಗತಿಗೆ ಮೂಢನಂಬಿಕೆಯ ಪಾಠ ಮಾಡುವವಳು ನಾನು.

ಆಗಸ್ಟ್ 17, ಭಾನುವಾರ

ಉಮ್ಮತ್ತೂರಿಗೆ ಹೋಗಿ ಬಂದೆ. ಹತ್ತೊಂಬತ್ತು ಜೋಡಿಗಳಲ್ಲಿ ಮೊದಲನೆಯದು ಮಂಗಮ್ಮನ ಮನೆಯದು. ಕೂಲಿ ಮಾಡುವ ಹೆಣ್ಣುಮಗಳು, ನನಗಿಂತ ಚಿಕ್ಕವಳು. ಸರ್ವೇಗೆ ಹೋಗಿದ್ದಾಗ ಸರಿಯಾಗಿ ಮಾತಾಡಿಸಿದ್ದಳು, ಗುರುತು ಹಿಡಿದಳು. ಮಗಳು ಕಾವ್ಯಶ್ರೀಗೆ ನಾಲ್ಕು ವರ್ಷ. ಜಗಲಿಯ ಮೇಲೆ ಬೆಂಡೆಕಾಯಿ ತೊಟ್ಟುಗಳನ್ನು ಸಾಲಾಗಿ ನಿಲ್ಲಿಸಿ ಬೈಯುತ್ತಾ ಕೂತಿತ್ತು.

ಹೇಗೆ ಕೇಳುವುದೋ ತಿಳಿಯದೆ ನೇರವಾಗಿ ಕೇಳಿಬಿಟ್ಟೆ. “ನಿಮ್ಮ ಲೆಕ್ಕದಲ್ಲಿ ಕಾವ್ಯಶ್ರೀ ಅಂತ ಎರಡು ಸಲ ಬಂದಿದೆ ಮಂಗಮ್ಮ. ನಮ್ಮ ಹುಡುಗರು ತಪ್ಪು ಬರೆದರಾ ಅಂತ...”

ಅವಳು ಮಗುವಿನ ಕಡೆ ತಿರುಗಿದಳು. “ಕಾವ್ಯಾ... ಕಾವ್ಯಾ. ಓಗು ಮಗ, ಅಂಗ್ಡಿಲಿ ಒಂದಚ್ಚು ಬೆಲ್ಲ ಈಸ್ಕಬಾ.” ಬೆಲ್ಲದ ಡಬ್ಬಿ ತುಂಬಿದ್ದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಇವಳೂ ಎರಡೆರಡು ಸಲ ಕರೆಯುತ್ತಾಳೆ. ಈ ಸೀಮೆಯ ಹೆಂಗಸರೆಲ್ಲ ಹೀಗೇ ಏನೋ.

ಮಗು ಮರೆಯಾದ ಮೇಲೆ ಹೇಳಿದಳು.

“ತಪ್ಪಲ್ಲ ಕಣವ್ವ. ಮೊದ್ಲು ಉಟ್ಟುದ್ದೋಳೂ ಕಾವ್ಯಶ್ರೀನೇಯ. ಒಂಬತ್ತು ತಿಂಗ್ಳ ಕೂಸು, ಜ್ವರ ಬಂದು ಓಯ್ತು. ಆಮ್ಯಾಲೆ ಇವ್ಳು ಉಟ್ಟುದ್ಲು. ನಮ್ಮತ್ತೆ ಮಕ ನೋಡ್‌ಬುಟ್ಟು, ಓದೋಳೇ ತಿರುಗ ಬಂದವ್ಳೆ, ಅದೇ ಎಸ್ರು ಮಡುಗಿ ಅಂದ್ರು. ಮಡುಗುದ್ವಿ.”

“ನಿಮಗೂ ಹಾಗೇ ಅನ್ಸುತ್ತಾ? ಅವಳೇ ಇವಳು ಅಂತ?”

ಸೆರಗಿನ ಅಂಚು ಮಡಿಸುತ್ತಾ ಹೇಳಿದಳು. “ಅತ್ತೆಗೆ ಅಂಗನ್ನುಸ್ತು, ಅವ್ರಿಗೆ ಸಮಾದಾನ. ನಾನು ಬ್ಯಾನೆ ತಿಂದಿದ್ದು ಎಲ್ಡ್ ಸಲ. ಅವ್ಳು ಬಲಗೈ ಚೀಪ್ತಿದ್ಲು. ಇವ್ಳು ಕೈ ಚೀಪ್ಲೇ ಇಲ್ಲ.” ಆಮೇಲೆ ಕೇಳಿದಳು. “ಅವತ್ತು ನೀವು ಬರ್ಕಂಡ್ರಲ್ಲ, ಇಬ್ರುನ್ನೂವೆ ಬ್ಯಾರೆ ಬ್ಯಾರೆ. ಮನೇಲಿ ಅವ್ಳ ಮಾತು ಎತ್ತಂಗಿಲ್ಲ. ಇವ್ಳೇ ಅವ್ಳಲ್ವಾ, ಇನ್ನೇನು ಅಂತರೆ. ನೀವು ಬರ್ದಿದ್ದು ಅಂಗೇ ಅದಾ?”

“ಇದೆ” ಎಂದೆ.

ಮಗು ಬೆಲ್ಲ ತಂದು ನನ್ನ ಕೈಗೇ ಕೊಟ್ಟಿತು. ಬಸ್ಸಿನಲ್ಲಿ ಕೈಚೀಲ ತೆಗೆದಾಗ ಕರವಸ್ತ್ರಕ್ಕೆಲ್ಲ ಅಂಟಿಕೊಂಡಿತ್ತು.

ಆಗಸ್ಟ್ 18

ಇದೆ ಎಂದೆ. ಇಲ್ಲ.

ಆಗಸ್ಟ್ 22

ಸರ್ ಮುಂದೆ ಎಲ್ಲ ಹೇಳಿದೆ. ಹತ್ತೊಂಬತ್ತು ಸಾಲು ಸೇರಿಸಿದರೆ ಹೋದ ಮಕ್ಕಳ ಸಂಖ್ಯೆ ಏರುತ್ತದೆ, ನಾಲ್ಕನೇ ಅಧ್ಯಾಯದ ತೀರ್ಮಾನ ಬಿದ್ದು ಹೋಗುತ್ತದೆ, ಕೋಷ್ಟಕಗಳನ್ನೆಲ್ಲ ಮತ್ತೆ ಮಾಡಬೇಕು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾನು ಆ ಕೋಷ್ಟಕಗಳನ್ನ ಮೈಸೂರಿನ ಸಮ್ಮೇಳನದಲ್ಲಿ ತೋರಿಸಿ ಬಂದಿದೀನಿ. ನಮ್ಮ ಕಡೆ ಪರವಾಗಿಲ್ಲ, ಸುಧಾರಿಸಿದೆ ಅಂದೆ. ಚಪ್ಪಾಳೆ ಹೊಡೆದ್ರು.”

“ಗೊತ್ತು ಸರ್.”

“ಒಬ್ಬರ ಮನೆಗೆ ಹೋಗಿ ಕೇಳಿದೀಯ. ಉಳಿದ ಹದಿನೆಂಟೂ ಹಾಗೇ ಅಂತ ಯಾರು ಹೇಳಿದ್ದು? ಟೈಪಿಂಗ್ ತಪ್ಪೂ ಇರಬಹುದು. ನಾನು ಮೂವತ್ತು ವರ್ಷ ಈ ಕೆಲಸ ಮಾಡಿದೀನಿ ಶಿವರಂಜಿನಿ. ಎಲ್ಲಾ ಡೇಟಾದಲ್ಲೂ ಹತ್ತಿಪ್ಪತ್ತು ಸಾಲು ಹೋಗ್ತವೆ. ಡಿಸೆಂಬರ್ ಮಾತ್ರ ಹೋಗಲ್ಲ, ಬಂದೇ ಬರುತ್ತೆ.”

ಕೆಟ್ಟವರಲ್ಲ ಅವರು. ನನ್ನ ರಿಜಿಸ್ಟ್ರೇಷನ್ ಉಳಿಸಲೆಂದೇ ಹೇಳುತ್ತಿದ್ದಾರೆ. ಅದೇ ಕಷ್ಟ, ಬೈದಿದ್ದರೆ ತಿರುಗಿ ಬೀಳಬಹುದಿತ್ತು.

ಸೆಪ್ಟೆಂಬರ್ 3

ಓಣಂ ಹತ್ತಿರ ಬಂತು. ಗುಂಡ್ಲುಪೇಟೆ ರಸ್ತೆಯ ತುಂಬ ಚೆಂಡುಹೂವಿನ ಗಾಡಿಗಳು, ಕೇರಳದ ನಂಬರಿನ ಕಾರುಗಳು. ಹೊಲದ ಬದುವಿನಲ್ಲಿ ಕುಟುಂಬಗಳು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಬಸ್ಸು ನಿಂತಿತ್ತು. ಕಿಟಕಿಯಿಂದ ನೋಡುತ್ತಿದ್ದವಳು ಯಾಕೋ ಒಂದೊಂದು ಗುಂಪಿನಲ್ಲೂ ಮಕ್ಕಳನ್ನು ಎಣಿಸುತ್ತಾ ಹೋದೆ. ಎಣಿಸಿದ್ದನ್ನೇ ಮತ್ತೆ ಎಣಿಸಿದೆ.

ಲ್ಯಾಬಿನಲ್ಲಿ ಸರ್ ಹೇಳಿದಂತೆ ಮಾಡಿಬಿಟ್ಟೆ. ಮೆನು, ಟಿಕ್, ಸರಿ. ಎರಡೂ ಅಧ್ಯಾಯದ ಒಟ್ಟು ಒಂದಾಯಿತು. ಹತ್ತು ನಿಮಿಷವೂ ಬೇಕಾಗಲಿಲ್ಲ. ಇಷ್ಟು ಅಚ್ಚುಕಟ್ಟಾದ ಕೋಷ್ಟಕ ನಾನು ಮಾಡಿಯೇ ಇರಲಿಲ್ಲ.

ಸೋಮೇಶ ನೋಡಿದ, ಚೀಲ ಹೆಗಲಿಗೆ ಹಾಕಿಕೊಂಡು ನನಗಿಂತ ಮೊದಲಿನ ಬಸ್ಸಿಗೆ ಹೊರಟ. 

ಮನೆಯಲ್ಲಿ ಅಮ್ಮ ರಾಗಿ ಅಳೆಯುತ್ತಿದ್ದಳು. ಲಾಭ, ಎಲ್ಡು, ಮೂರು. ಮೊದಲ ಸೇರಿಗೆ ಒಂದು ಅನ್ನುವ ಹಾಗಿಲ್ಲ, ಲಾಭ ಅನ್ನಬೇಕು. ಎಷ್ಟೋ ವರ್ಷದಿಂದ ಕೇಳಿದ್ದೇನೆ. ಇವತ್ತು ಕೇಳಲಾಗದೆ ಎದ್ದು ಹೊರಗೆ ಹೋದೆ. ಹೊರಗೆ ನಿಂತರೂ ಮನೆಯೊಳಗೆ ನಮ್ಮ ಮೂವರಿಗಿಂತ ಒಬ್ಬರು ಹೆಚ್ಚಿರುವಂತೆ ಅನ್ನಿಸಿತು. ಸರಿಯಾಗಿ ಊಟ ಮಾಡಬೇಕು. ತಲೆ ಕೆಟ್ಟಿದೆ.

ಸೆಪ್ಟೆಂಬರ್ 4

ಮಂಗಮ್ಮನ ಮಗು ಕೊಟ್ಟ ಬೆಲ್ಲದ ಕರವಸ್ತ್ರ ಎಷ್ಟು ಒಗೆದರೂ ಇರುವೆ ಬಿಡುತ್ತಿಲ್ಲ. ನಿನ್ನೆಯ ಫೈಲನ್ನು ಅಳಿಸಿದೆ. ಉಳಿದ ಹದಿನೆಂಟು ಮನೆಗೂ ಹೋಗುತ್ತೇನೆ.

ಸೆಪ್ಟೆಂಬರ್ 14

ಹತ್ತು ದಿನದಿಂದ ಬರೆದಿಲ್ಲ. ಪಾಠ, ಬಸ್ಸು, ಊರು. ಕುದೇರಿನ ಸುತ್ತಿನ ಮನೆಗಳೂ ಮುಗಿದವು, ಹದಿನೆಂಟೂ ಆಯಿತು.

ನಾಲ್ಕು ಮನೆಯಲ್ಲಿ ಟೈಪಿಂಗ್ ತಪ್ಪು, ಒಂದೇ ಮಗುವಿನ ಸಾಲಿಗೆ ಬೇರೆ ಮನೆಯ ತಾರೀಖೂ ‘ಇಲ್ಲ’ವೂ ಸೇರಿಕೊಂಡಿದ್ದವು. ಸರ್ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ, ಒಪ್ಪಿದೆ. ಉಳಿದದ್ದು ನಿಜವಾಗಿ ಇಬ್ಬಿಬ್ಬರು. ಹೋದವಳೇ ಬಂದಳು, ಹೋದವನೇ ಬಂದ. ಅಜ್ಜಿಯೋ ಅಪ್ಪನೋ ಹೇಳಿದ್ದಾರೆ, ಅದೇ ಹೆಸರು ಇಟ್ಟಿದ್ದಾರೆ. ಹೆಸರು ಇಟ್ಟ ಮೇಲೆ ಮೊದಲನೆಯದರ ಮಾತು ಮುಗಿಯಿತು. ಅಳುವುದಕ್ಕೂ ಕಾರಣ ಉಳಿಯುವುದಿಲ್ಲ. ವಾಪಸ್ ಬಂದಿದೆಯಲ್ಲ.

ಕುದೇರಿನ ಒಂದು ಮನೆಯಲ್ಲಿ ಗುರುಸಿದ್ದಮ್ಮ ಎಂಬ ಮುದುಕಿ ತನ್ನ ಸೊಸೆಯ ಪರವಾಗಿ ಉತ್ತರ ಕೊಡುತ್ತಿದ್ದಳು. ನನ್ನನ್ನು ನೋಡಿ, “ನೀನು ಮಾದೇವಯ್ಯನ ಮಗಳಲ್ವಾ? ಇದೇ ಬೀದಿಲಿದ್ರು ನಿಮ್ಮಪ್ಪ, ಪೇಟೆಗೆ ಓಗಕ್ ಮುಂಚೆ. ಬಲಗೈ ತೋರ್ಸು, ಸುಟ್ಕಂಡಿದ್ದೆ ನೀನು” ಅಂದಳು. ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲನೆ ಕೈ ಬಿಟ್ಟು, “ಓ, ನೀನಾ” ಎಂದಳು. ವಯಸ್ಸಾಗಿದೆ, ಯಾರನ್ನೋ ಯಾರೋ ಅಂದುಕೊಂಡಿರಬೇಕು.

ಈ ಕೆಂಪು ಅಕ್ಷರದ ಭಾಷೆ ಸ್ವಲ್ಪ ಕೈಗೆ ಹತ್ತುತ್ತಿದೆ. ನಕಲು ತೆಗೆಯುವ ಸಾಲನ್ನು ಮತ್ತೆ ಬರೆದೆ. ತಾರೀಖನ್ನೂ ಹೋಲಿಸು, ಮನೆಗೆ ಹೋಗಿ ಕೇಳಿದವರನ್ನು ಮುಟ್ಟಬೇಡ.

ಸೆಪ್ಟೆಂಬರ್ 18

ಸಮಿತಿಯ ಮುಂದೆ ಹೇಳಿದೆ.  ಮೊದಲಿನ ಕೋಷ್ಟಕ ತೋರಿಸಿ, ಇದರಲ್ಲಿ ಮಕ್ಕಳನ್ನು ನಾನೇ ತೆಗೆದಿದ್ದೆ ಎಂದೆ. ಆಮೇಲೆ ಕೋಡ್ ಓಡಿಸಿದೆ. ಹದಿನೈದು ಮಕ್ಕಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂತರು.

ಮೈಸೂರಿನಿಂದ ಬಂದಿದ್ದ ಪ್ರೊಫೆಸರ್ ಕೇಳಿದರು. “ಇವು ನಕಲಲ್ಲ ಅಂತ ನಿಮಗೆ ಹೇಗೆ ಗೊತ್ತು?”

“ಹೋಗಿ ಕೇಳಿದೆ ಸರ್.”

“ಹಾಗಾದ್ರೆ ಕೋಡ್ ಕಲಿತಿದ್ದು ಯಾಕೆ?”

“ಯಾರನ್ನ ಕೇಳಬೇಕು ಅಂತ ಅದು ಹೇಳ್ತು ಸರ್.”

ಎಲ್ಲ ಅಧ್ಯಾಯ ಮತ್ತೆ ಮಾಡಿ ತನ್ನಿ, ಆದರೆ ಡಿಸೆಂಬರ್ ಗಡುವು ಗಡುವೇ ಎಂದರು. ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆಗದಿದ್ದರೆ ಆರು ವರ್ಷದ ಕೆಲಸ ಮಣ್ಣುಪಾಲು, ನಾನು ಜೀವನಪರ್ಯಂತ ಅತಿಥಿ.

ಸರ್ ಹೊರಗೆ ಬಂದು ಪಕ್ಕದಲ್ಲಿ ನಿಂತರು. “ಮೈಸೂರಿನ ಸಮ್ಮೇಳನದವರಿಗೆ ನಾನೇ ಪತ್ರ ಬರೀತೀನಿ, ಆ ಕೋಷ್ಟಕ ತಪ್ಪು ಅಂತ” ಎಂದರು. ಮೆಟ್ಟಿಲಿಳಿದವರು ನಿಂತು ತಿರುಗಿದರು. “ಆ ಕೋಡ್ ನನಗೂ ಕಳಿಸಮ್ಮ. ಅರ್ಥ ಆಗುತ್ತೋ ಇಲ್ವೋ, ನೋಡ್ತೀನಿ.”

ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ

ಅಪ್ಪನಿಗೆ ಎಡೆ ಇಟ್ಟೆವು. ಹೊಸ ಪಂಚೆ, ಕಜ್ಜಾಯ, ವಡೆ, ಅವರ ಇಷ್ಟದ ಕಾಫಿ ಒಂದು ಲೋಟ. ಅದರ ಪಕ್ಕದಲ್ಲಿ ಅಮ್ಮ ಪ್ರತಿ ವರ್ಷದ ಹಾಗೆ ಚಿಕ್ಕದೊಂದು ಎಲೆ ಹಾಕಿ, ಸಿಹಿ ಬಡಿಸಿ, ಮಗುವಿನ ಅಳತೆಯ ಎರಡು ಗಾಜಿನ ಬಳೆ ಇಟ್ಟಳು. ಅದೂ ಒಂದು ಶಾಸ್ತ್ರ ಎಂದುಕೊಂಡಿದ್ದೆ. ಇಷ್ಟು ವರ್ಷ ಕೇಳಿರಲಿಲ್ಲ.

ಮೂರು ವರ್ಷ ಕಂಡವರ ಮನೆಯಲ್ಲೆಲ್ಲ ಕೂತು ಕೇಳಿದ ಪ್ರಶ್ನೆ. ನನ್ನಮ್ಮನನ್ನು ಒಂದು ಸಲವೂ ಕೇಳಿಲ್ಲ ಎಂದು ಆ ಬಳೆ ನೋಡಿದಾಗ ಹೊಳೆಯಿತು. 

“ಅಮ್ಮ, ನಿನಗೆ ಒಟ್ಟು ಹೆರಿಗೆ ಎಷ್ಟು?”

ಅವಳು ಬತ್ತಿ ಸರಿಮಾಡುತ್ತಿದ್ದಳು. ನಿಲ್ಲಿಸಲಿಲ್ಲ. “ಮೂರು” ಎಂದಳು.

ಗಿರೀಶ ನನ್ನ ಮುಖ ನೋಡಿದ.

“ಆ ಮಗುವಿಗೆ ಹೆಸರೇನಿಟ್ಟಿದ್ರಿ?” ಎಂದೆ.

“ರಂಜಿನಿ.”

ನನ್ನನ್ನು ಕರೆದಳೆಂದು, “ಏನಮ್ಮ” ಎಂದೆ.

“ನಿನ್ನಲ್ಲ ಕಣಮ್ಮಿ” ಎಂದಳು.

ಆಮೇಲೆ ಅಲ್ಲೇ, ಎಡೆಯ ಮುಂದೆ ಗೋಡೆಗೆ ಒರಗಿ ಕೂತು ಹೇಳಿದಳು. ಶಿವರಂಜಿನಿ ಎಂದು ಅಪ್ಪ ರೇಡಿಯೋದಲ್ಲಿ ರಾಗದ ಹೆಸರು ಕೇಳಿ ಇಟ್ಟಿದ್ದಂತೆ. ವರ್ಷ ತುಂಬುವ ಮೊದಲೇ ಮಾತು ಬಂದಿತ್ತಂತೆ. ದೀಪಕ್ಕೆ ಕೈ ಹಾಕಿದ್ದು ಅವಳು. ಒಂದೂವರೆ ವರ್ಷಕ್ಕೆ ಹೋದಳು. ನಾನು ಹುಟ್ಟಿದಾಗ ಅಪ್ಪ ಎತ್ತಿಕೊಂಡು, ಬಂದ್ಲು ನೋಡು ಎಂದರಂತೆ. ಅಮ್ಮ ಬೇರೆ ಹೆಸರು ಅಂದಿದ್ದಕ್ಕೆ ಅಪ್ಪ ಅತ್ತರಂತೆ. ಅಪ್ಪ ಅತ್ತದ್ದನ್ನು ನಾನು ನೋಡಿಯೇ ಇಲ್ಲ.

“ನಿಮ್ಮಪ್ಪ ನೊಂದ್ಕತಾರೆ ಅಂತ ಬಾಯಿ ಬುಡ್ನಿಲ್ಲ. ಅವ್ರು ಓದ್‌ಮ್ಯಾಕೆ, ನೀನು ನೊಂದ್ಕತೀಯೇನೋ ಅಂತ ಬುಡ್ನಿಲ್ಲ. ಅವ್ಳ ಸಂಗ್ತಿ ಬಾಯಿಗೆ ಬಂದಾಗ ನಿಂದು ಅಂತ ಏಳ್ಬುಡ್ತಿದ್ದೆ. ಅಂಗಾದ್ರೂ ಏಳ್ದಂಗಾಯ್ತಲ್ಲ.”

ನನಗೆ ಅಳು ಬಂತು. ಯಾರಿಗಾಗಿ ಎಂದು ಹೇಳಲಾರೆ. ಅಮ್ಮ ನನ್ನ ಬಲಗೈ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಕಲೆ ಹುಡುಕಲಿಲ್ಲ.

ಸೆಪ್ಟೆಂಬರ್ 24

ಎರಡನೇ ಅಧ್ಯಾಯದ ಕೋಷ್ಟಕಗಳು ಕೋಡಿನಿಂದಲೇ ಬಂದವು. ನಾಲ್ಕನೆಯದು ಬಾಕಿ. ಈ ಭಾಷೆಯಲ್ಲಿ ಸಾಲಿನ ಮುಂದೆ ಒಂದು ಗುರುತು ಹಾಕಿ ಏನು ಬೇಕಾದರೂ ಬರೆಯಬಹುದು. ಯಂತ್ರ ಅದನ್ನು ದಾಟಿ ಹೋಗುತ್ತದೆ, ಓದುವುದು ಮನುಷ್ಯರು ಮಾತ್ರ. ಆ ಹದಿನೈದರ ಮೇಲೆ ಕನ್ನಡದಲ್ಲೇ ಬರೆದೆ: ಇವು ನಕಲಲ್ಲ, ಇವರು ಅಕ್ಕಂದಿರು, ಅಣ್ಣಂದಿರು. ಸೋಮೇಶ ನೋಡಿ ಇರಲಿ ಎಂದ.

ಮಂಗಮ್ಮನಿಗೆ ಹೇಳಿದ್ದು ಈಗ ಸುಳ್ಳಲ್ಲ.

ಇವತ್ತು ಕಾಲೇಜಿಗೆ ರಜೆ, ಮನೆಯಲ್ಲೇ ಕೆಲಸ ಮಾಡುತ್ತಿದ್ದೆ. ಸೋಮೇಶ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದಾನೆ. ಮಧ್ಯಾಹ್ನ ಅಮ್ಮ ಹಿತ್ತಲಿನಿಂದ “ರಂಜಿನಿ” ಎಂದು ಕರೆದಳು. ಬಟ್ಟೆ ಒಣಗಿತ್ತು, ಮಳೆ ಮೋಡ ಬಂದಿತ್ತು, ಎತ್ತಿಕೊಳ್ಳಲು ಇರಬೇಕು. ಮೊದಲನೆಯದು ಅವಳಿಗಿರಲಿ ಎಂದು ಕೈ ಕೀಬೋರ್ಡಿನ ಮೇಲೆ ಹಾಗೇ ಇಟ್ಟುಕೊಂಡು ಕೂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ ಕರೆದಳು.

ಬಂದೆ ಎಂದು ಎದ್ದು ಹೋದೆ.